ಹೊಸ ಎಂ2 ಬಂದಾಗ ನಾನು ಹಳೆಯದನ್ನೇ ತಗೊಂಡೆ

ಬಿಎಂಡಬ್ಲ್ಯೂ ಕಂಪನಿಯ ಚಿಕ್ಕ ಸ್ಪೋರ್ಟ್ಸ್ ಕಾರು ಎಂ2 ಮೇಲೆ ಕಣ್ಣಿಟ್ಟವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ಹೊಸ ಜಿ87 ತಗೊಳ್ಳೋದಾ, ಇಲ್ಲಾ ಅದಕ್ಕೆ ಮುಂಚಿನ ಎಫ್87 ಕಾಂಪಿಟೀಶನ್ ಹುಡುಕೋದಾ? ಜಿ87, ಎಫ್87 ಅನ್ನುವುದು ಎರಡು ತಲೆಮಾರಿಗೆ ಕಂಪನಿ ಇಟ್ಟ ಗುರುತು. ಕಾಂಪಿಟೀಶನ್ ಅಂದರೆ ಹಳೆ ತಲೆಮಾರಿನಲ್ಲಿ ಆಮೇಲೆ ಬಂದ, ಹೆಚ್ಚು ಶಕ್ತಿಯ ಆವೃತ್ತಿ. ನನ್ನ ಹತ್ತಿರ ಇರುವುದು ಹಳೆಯದು. ನನ್ನ ತಮ್ಮ ತಗೊಂಡದ್ದು ಹೊಸದು. ಎರಡೂ ಆರು ಗೇರಿನ ಮ್ಯಾನುಯಲ್. ಕೀಲಿ ಅದಲುಬದಲು ಮಾಡಿಕೊಂಡು ಓಡಿಸುವುದು, ಆಮೇಲೆ ಕೂತು ಜಗಳ ಆಡುವುದು ನಮ್ಮಿಬ್ಬರಿಗೂ ರೂಢಿ. ಈ ಬರಹದಲ್ಲಿ ಅವನ ಮಾತುಗಳೂ ಬರುತ್ತವೆ, ಆದರೆ ತೀರ್ಪು ನನ್ನದು.

ಮೊದಲು ಕಾಗದದ ಮೇಲಿನ ಲೆಕ್ಕ. ಹಳೆಯದರಲ್ಲಿ ಎಸ್55 ಎಂಜಿನ್. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, 410 ಅಶ್ವಶಕ್ತಿ. ಹೊಸದರಲ್ಲಿ ಎಸ್58. ಅದೂ ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ. ಮೊದಲು ಮಾರುಕಟ್ಟೆಗೆ ಬಂದಾಗ 460 ಅಶ್ವಶಕ್ತಿ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಎರಡರಲ್ಲೂ 550 ನ್ಯೂಟನ್ ಮೀಟರ್. ಐವತ್ತು ಅಶ್ವಶಕ್ತಿ ಜಾಸ್ತಿ ಅಂದಮೇಲೆ ಹೊಸದು ಬಾಣದ ಹಾಗೆ ಮುಂದೆ ಹೋಗಬೇಕು, ಅಲ್ವಾ? ಸೊನ್ನೆಯಿಂದ 100 ಕಿಲೋಮೀಟರ್ ವೇಗಕ್ಕೆ ಏರಲು ಮ್ಯಾನುಯಲ್ ಕಾರಿಗೆ ಕಂಪನಿಯೇ ಹೇಳುವ ಸಮಯ ನೋಡಿ. ಹಳೆಯದಕ್ಕೆ 4.4 ಸೆಕೆಂಡು. ಹೊಸದಕ್ಕೆ 4.3.

ಉಳಿದ ಶಕ್ತಿ ಎಲ್ಲಿ ಹೋಯಿತು? ತೂಕಕ್ಕೆ. ಹಳೆಯದು ಖಾಲಿ ಇದ್ದಾಗ 1,550 ಕೆಜಿ. ಹೊಸದು 1,700 ಕೆಜಿ. ಭಾಗಿಸಿ ನೋಡಿದರೆ ಒಂದು ಟನ್ನಿಗೆ ಹಳೆಯದರಲ್ಲಿ 265 ಅಶ್ವಶಕ್ತಿ, ಹೊಸದರಲ್ಲಿ 271. ನೂರೈವತ್ತು ಕೆಜಿ ಅಂದರೆ ನಾನು ಒಬ್ಬಳೇ ಓಡಿಸುವಾಗಲೂ ಜೊತೆಗೆ ಇಬ್ಬರು ದೊಡ್ಡವರು ಕೂತಿದ್ದಷ್ಟು ಭಾರ. ಜಿ87 ಅನ್ನು ದೊಡ್ಡಣ್ಣ ಎಂ4ನ ತಳವನ್ನು ಮೊಟಕು ಮಾಡಿ ಕಟ್ಟಿದ್ದಾರೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಎಂ4ಗಿಂತ 110 ಮಿಲಿಮೀಟರ್ ಕಡಿಮೆ, ಆದರೂ ಹಳೆ ಎಂ2ಗಿಂತ 54 ಮಿಲಿಮೀಟರ್ ಜಾಸ್ತಿ. ಉದ್ದ ಸುಮಾರು 12 ಸೆಂಟಿಮೀಟರ್ ಬೆಳೆದಿದೆ, ಅಗಲ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹೆಸರು ಎಂ2, ಮೈಕಟ್ಟು ಎಂ4ದು.

ಅಂದಮಾತ್ರಕ್ಕೆ ಹೊಸದು ಸೋತಿತು ಅಂತಲ್ಲ. ಓಡಿಸಲು ಕೂತರೆ ಅದು ತೂಕವನ್ನು ಬಹಳ ಚೆನ್ನಾಗಿ ಮರೆಮಾಚುತ್ತದೆ. ಮುಂದಿನ ಟೈರು 275 ಮಿಲಿಮೀಟರ್ ಅಗಲ. ನನ್ನ ಕಾರಿನಲ್ಲಿ 245. ತಿರುವಿಗೆ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಹೊಸದರ ಮೂತಿ ಒಳಗೆ ಕಚ್ಚಿಕೊಳ್ಳುತ್ತದೆ, ಬಿಡುವುದೇ ಇಲ್ಲ. ರೇಸ್ ಟ್ರ್ಯಾಕಿನಲ್ಲಿ ಓಡಿಸಿದರೆ ಗಡಿಯಾರ ಅದರ ಪರವಾಗಿಯೇ ಮಾತಾಡುತ್ತದೆ. ವೇಗ ಏರಿದಷ್ಟೂ ಆ ಐವತ್ತು ಅಶ್ವಶಕ್ತಿ ಕೆಲಸಕ್ಕೆ ಬರುತ್ತದೆ. ಮಳೆಯಲ್ಲಂತೂ ಅದೇ ಮೇಲು. ಚಕ್ರ ಜಾರದಂತೆ ಕಾಯುವ ಟ್ರ್ಯಾಕ್ಷನ್ ಕಂಟ್ರೋಲ್ ಹತ್ತು ಹಂತದಲ್ಲಿ ಸಿಗುತ್ತದೆ. ಎಷ್ಟು ಜಾರಲು ಬಿಡಬೇಕು ಅಂತ ನೀವೇ ಗೊತ್ತು ಮಾಡಬಹುದು. ನನ್ನದರಲ್ಲಿ ಪೂರ್ತಿ ಕಾವಲು, ಅರೆಕಾವಲು, ಕಾವಲೇ ಇಲ್ಲ ಅನ್ನುವ ಮೂರೇ ಸ್ಥಿತಿ. ಎಸ್55ನ ಟಾರ್ಕ್ 2,350 ಆರ್‌ಪಿಎಂಗೇ ಪೂರ್ತಿ ಬಂದುಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಕಾಲು ಸ್ವಲ್ಪ ಒರಟಾದರೂ ಹಿಂಭಾಗ ಪಕ್ಕಕ್ಕೆ ಹೆಜ್ಜೆ ಇಡುತ್ತದೆ. ಗೊತ್ತಿದ್ದವರಿಗೆ ಮಜಾ. ಗೊತ್ತಿಲ್ಲದವರ ಕೈಗೆ ಮಳೆಗಾಲದಲ್ಲಿ ಈ ಕಾರಿನ ಕೀಲಿ ಕೊಡಬೇಡಿ.

ಹಾಗಾದರೆ ನಾನು ಹಳೆಯದನ್ನು ಯಾಕೆ ಇಟ್ಟುಕೊಂಡೆ? ಯಾಕಂದರೆ ನಾನು ಓಡಿಸುವುದು ರಸ್ತೆಯಲ್ಲಿ. ಅಲ್ಲಿ ವೇಗಕ್ಕೆ ಮಿತಿ ಇದೆ, ಎದುರಿಗೆ ಬಸ್ಸು ಬರುತ್ತದೆ, ಪಕ್ಕದಲ್ಲಿ ಸೈಕಲ್ ಇರುತ್ತದೆ. ಆ ವೇಗದಲ್ಲಿ ಹಳೆಯದು ಆಗಲೇ ಕೆಲಸದಲ್ಲಿ ತೊಡಗಿರುತ್ತದೆ. ತಿರುವಿನಲ್ಲಿ ಭಾರ ಎತ್ತ ವಾಲುತ್ತಿದೆ, ಹಿಂದಿನ ಟೈರು ಯಾವಾಗ ಸಡಿಲಾಗಬಹುದು, ಎಲ್ಲ ಸೊಂಟಕ್ಕೇ ಗೊತ್ತಾಗುತ್ತದೆ. ಹೊಸದು ಅದೇ ವೇಗದಲ್ಲಿ ಇನ್ನೂ ಆಕಳಿಸುತ್ತಿರುತ್ತದೆ. ಅದನ್ನು ಎಚ್ಚರಿಸಬೇಕಾದರೆ ಲೈಸೆನ್ಸ್ ಕಳೆದುಕೊಳ್ಳುವ ವೇಗಕ್ಕೆ ಹೋಗಬೇಕು. ತಮ್ಮ ಇದನ್ನು ಒಪ್ಪುವುದಿಲ್ಲ. "ಅಕ್ಕ, ನಿನಗೆ ಕಾರು ಅಲ್ಲಾಡಿದರೇನೇ ಖುಷಿ" ಅನ್ನುತ್ತಾನೆ. ಇರಬಹುದು.

ಅಗಲದ ವಿಷಯ ಸಣ್ಣದು ಅನಿಸಬಹುದು. ನನ್ನ ಎತ್ತರ ಐದಡಿ ಎರಡಿಂಚು. ಸೀಟು ಏರಿಸಿಕೊಂಡು ಕೂತಾಗ ನನ್ನ ಕಾರಿನ ನಾಲ್ಕು ಮೂಲೆ ಎಲ್ಲಿವೆ ಅಂತ ನೋಡದೆಯೂ ಹೇಳಬಲ್ಲೆ. ಹೊಸದರಲ್ಲಿ ಪಾರ್ಕಿಂಗ್ ಕಟ್ಟಡದ ಇಳಿಜಾರು ಸುತ್ತು ಇಳಿಯುವಾಗ ಪ್ರತಿ ಸಲ ಉಸಿರು ಬಿಗಿ ಹಿಡಿಯುತ್ತೇನೆ. ರಿಮ್ ಉಜ್ಜಿದರೆ ಅವನ ಮುಖ ನೋಡುವುದು ಹೇಗೆ ಅನ್ನುವ ಚಿಂತೆ ಬೇರೆ.

ಸೀಟಿನ ಬಗ್ಗೆಯೂ ಹೇಳಬೇಕು. ಹೊಸದಕ್ಕೆ ಕಾರ್ಬನ್ ಬಕೆಟ್ ಸೀಟು ಹಾಕಿಸಿಕೊಳ್ಳಬಹುದು. ತೂಕ 10 ಕೆಜಿಗಿಂತ ಜಾಸ್ತಿ ಇಳಿಯುತ್ತದೆ, ನೋಡಲು ಭರ್ಜರಿಯಾಗಿದೆ. ಆದರೆ ಎರಡು ತೊಡೆಗಳ ನಡುವೆ ಒಂದು ಗಟ್ಟಿ ಕಾರ್ಬನ್ ಉಬ್ಬು ಎದ್ದು ನಿಂತಿದೆ. ಆಟೋಮ್ಯಾಟಿಕ್ ಓಡಿಸುವವರಿಗೆ ಅದರಿಂದ ತೊಂದರೆ ಇಲ್ಲ. ಮೂರು ಪೆಡಲ್ ತುಳಿಯುವವರಿಗೆ, ಅದರಲ್ಲೂ ಗಿಡ್ಡ ಕಾಲಿನವರಿಗೆ, ಕ್ಲಚ್ ಮೇಲೆ ಕಾಲಿಟ್ಟಾಗಲೆಲ್ಲ ತೊಡೆ ಅದಕ್ಕೆ ತಾಗುತ್ತದೆ. ಇಂಥ ಸೀಟನ್ನು ಮ್ಯಾನುಯಲ್ ಕಾರಿಗೂ ಮಾರುತ್ತಾರಲ್ಲ, ಅದನ್ನು ಒಪ್ಪಿದವರು ಕ್ಲಚ್ ತುಳಿದು ನೋಡಿದ್ದಾರೋ ಇಲ್ಲವೋ! ತಮ್ಮ ಸಾಮಾನ್ಯ ಸೀಟನ್ನೇ ಆರಿಸಿದ್ದು ಅವನು ಮಾಡಿದ ಒಳ್ಳೆ ಕೆಲಸಗಳಲ್ಲಿ ಒಂದು.

ಇನ್ನು ಹಳೆಯದು ಸೋಲುವ ಜಾಗ. ಅದರ ಸಸ್ಪೆನ್ಶನ್ ಒಂದೇ ಬಿಗಿ. ಬಟನ್ ಒತ್ತಿ ಮೆತ್ತಗೆ ಮಾಡಿಕೊಳ್ಳುವ ಅವಕಾಶ ಇಲ್ಲ. ಹಳೆ ತಲೆಮಾರಿನಲ್ಲಿ ಹಾಗೆ ಬದಲಾಗುವ ಡ್ಯಾಂಪರ್ (ಕುಲುಕು ತಡೆಯುವ ಭಾಗ) ಬಂದದ್ದು 450 ಅಶ್ವಶಕ್ತಿಯ ವಿಶೇಷ ಆವೃತ್ತಿ ಎಂ2 ಸಿಎಸ್‌ಗೆ ಮಾತ್ರ. ನಮ್ಮ ಮನೆಯವರು ಪಕ್ಕದ ಸೀಟಿನಲ್ಲಿ ಕೂತರೆ ರಸ್ತೆಗೆ ಬಳಿದ ಬಿಳಿ ಗೆರೆ ಎಷ್ಟು ದಪ್ಪ ಅಂತ ಬೆನ್ನಿಗೇ ಗೊತ್ತಾಗುತ್ತದೆ ಅನ್ನುತ್ತಾರೆ. ಸುಳ್ಳಲ್ಲ. ಹೊಸದರಲ್ಲಿ ಹೊಂದಿಸಿಕೊಳ್ಳುವ ಡ್ಯಾಂಪರ್ ಮೊದಲಿಂದಲೇ ಇದೆ. ಕಂಫರ್ಟ್‌ಗೆ ಹಾಕಿದರೆ ಅದು ದೂರದ ಪ್ರಯಾಣಕ್ಕೆ ಸಲ್ಲುವ ಕಾರು. ಮಾತಾಡಿಕೊಂಡು, ಹಾಡು ಕೇಳಿಕೊಂಡು ಹೋಗಬಹುದು. ಊರಿಂದೂರಿಗೆ ಹೋಗುವಾಗ ಅವರು ಯಾರ ಕಾರು ಹತ್ತುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ಹ್ಯಾಂಡ್‌ಬ್ರೇಕ್ ನನ್ನ ಪಕ್ಷದ್ದು. ಎಫ್87ನಲ್ಲಿ ಕೈಯಿಂದ ಎಳೆಯುವ ನಿಜವಾದ ಲಿವರ್ ಇದೆ. ಹೊಸದರಲ್ಲಿ ಬೆರಳ ತುದಿಯಲ್ಲಿ ಒತ್ತುವ ಸ್ವಿಚ್. ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡುವಾಗ ಕೈ ತಾನಾಗಿ ಆ ಲಿವರಿಗೇ ಹೋಗುತ್ತದೆ. ಎಸಿ ಬಟನ್ನುಗಳದ್ದೂ ಅದೇ ಕಥೆ. ನನ್ನದರಲ್ಲಿ ತಿರುಗಿಸುವ ಗುಂಡಿ ಇದೆ, ಕಣ್ಣು ರಸ್ತೆ ಮೇಲೇ ಇರುತ್ತದೆ. ಹೊಸದರಲ್ಲಿ ಡ್ರೈವರ್ ಮುಂದೆ 12.3 ಇಂಚು, ಪಕ್ಕದಲ್ಲಿ 14.9 ಇಂಚಿನ ಸ್ಕ್ರೀನು ಸೇರಿಸಿ ಬಾಗಿಸಿ ಕೂರಿಸಿದ್ದಾರೆ. ಎಸಿ ಗಾಳಿ ಕಡಿಮೆ ಮಾಡಲೂ ಅದನ್ನೇ ಮುಟ್ಟಬೇಕು. ಅದೇ ಹೊತ್ತಿಗೆ ಒಂದು ಮಾತು ಹೇಳಿಬಿಡುತ್ತೇನೆ: ಆಂಡ್ರಾಯ್ಡ್ ಫೋನ್ ಇರುವವರಿಗೆ ಹಳೆಯದು ತಲೆನೋವು. ಐಫೋನಿನ ಕಾರ್‌ಪ್ಲೇ ಕೆಲಸ ಮಾಡುತ್ತದೆ, ಆಂಡ್ರಾಯ್ಡ್ ಆಟೋ ಅದರಲ್ಲಿ ಇಲ್ಲವೇ ಇಲ್ಲ. ಮ್ಯಾಪಿಗೆ ನಾನು ಇವತ್ತಿಗೂ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿಕೊಂಡೇ ಹೋಗುವುದು.

ಮ್ಯಾನುಯಲ್ ಪ್ರಿಯರು ಯಾರೂ ಗಮನಿಸದ ಒಂದು ಅಂಶ ಹೊಸದರ ಪರ ಇದೆ. ಗೇರ್ ಇಳಿಸುವಾಗ ಎರಡೂ ಕಾರು ತಾವೇ ಎಂಜಿನ್ ವೇಗ ಏರಿಸಿ ಹೊಂದಿಸಿಕೊಳ್ಳುತ್ತವೆ. ನನ್ನ ಕಾಲಿನಿಂದಲೇ ಅದನ್ನು ಮಾಡಬೇಕು ಅಂದರೆ ಹಳೆಯದರಲ್ಲಿ ಸ್ಟೆಬಿಲಿಟಿ ಕಂಟ್ರೋಲನ್ನೇ ಪೂರ್ತಿ ಆಫ್ ಮಾಡಬೇಕು. ಎಂಥ ವಿಚಿತ್ರ ಶರತ್ತು! ಒಂದೇ ಕಾಲಿನಿಂದ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತುವ ಹೀಲ್ ಅಂಡ್ ಟೋ ಮಾಡುವ ಆಸೆಗೆ ಕಾವಲನ್ನು ಬಿಟ್ಟುಕೊಡಬೇಕಂತೆ. ಹೊಸದರಲ್ಲಿ ಮೆನುಗೆ ಹೋಗಿ ಅದೊಂದನ್ನು ಮಾತ್ರ ಆಫ್ ಮಾಡಬಹುದು. ಇದನ್ನು ಕೇಳಿದಾಗಿನಿಂದ ನನಗೆ ಹೊಟ್ಟೆಕಿಚ್ಚು.

ಸದ್ದು? ಎರಡೂ ಟರ್ಬೊ ಎಂಜಿನ್ನು, ಎರಡರದ್ದೂ ಅಂಥ ಸಂಗೀತವಲ್ಲ. ಹಳೆಯದರಲ್ಲಿ ಸ್ವಲ್ಪ ತಗಡಿನ ಗಡಸು, ಹೊಸದರಲ್ಲಿ ಗಂಟಲು ದಪ್ಪ. ಹಳೆಯದು 7,600 ಆರ್‌ಪಿಎಂ ತನಕ ಏರುತ್ತದೆ, ಹೊಸದು 7,200ಕ್ಕೆ ನಿಲ್ಲುತ್ತದೆ. ಆ ಕೊನೆಯ ನಾನೂರರಲ್ಲಿ ನನ್ನ ಕಾರು ಇನ್ನೂ ಹುರುಪಿನಿಂದಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸದಾಗಿ ಬಿಡುಗಡೆಯಾದ ಕಾರು ಮತ್ತು ಹೊರಟು ನಿಂತ ಕಾರು ಅಂತ ಹೋಲಿಸುವಾಗ ನಾವು ಎರಡು ತಲೆಮಾರನ್ನು ಮಾತ್ರ ಹೋಲಿಸುತ್ತೇವೆ. ಒಂದರ ಆರಂಭ, ಇನ್ನೊಂದರ ಅಂತ್ಯ ಅನ್ನುವುದು ಮರೆತುಹೋಗುತ್ತದೆ. ಎಫ್87 ಮೊದಲು ಬಂದಾಗ ಅದರಲ್ಲಿ ಎನ್55 ಎಂಜಿನ್, 370 ಅಶ್ವಶಕ್ತಿ ಇತ್ತು. 2018ರಲ್ಲಿ ಕಾಂಪಿಟೀಶನ್ ಬಂದಾಗ ಎಂಜಿನ್ನೇ ಬದಲಾಯಿತು. ಎಂ3, ಎಂ4 ಕಾರುಗಳಲ್ಲಿ ಆಗಲೇ ವರ್ಷಗಟ್ಟಲೆ ಓಡಿ ಪಳಗಿದ ಎಸ್55 ಬಂತು. ಎಂಜಿನ್ ಕೋಣೆಯಲ್ಲಿ ಎರಡು ಬದಿಯ ಸಸ್ಪೆನ್ಶನ್ ತುದಿಗಳನ್ನು ಬಿಗಿಯುವ ಕಾರ್ಬನ್ ಪಟ್ಟಿ ಬಂತು. ತೂಕ 55 ಕೆಜಿ ಏರಿತು, ಆದರೆ ಮುಂದಿನ ಚಕ್ರದ ಮಾತು ಕೈಗೆ ಸ್ಪಷ್ಟವಾಯಿತು. ಮೊದಲ ಎಂ2 ತಗೊಂಡವರು ಆ ದಿನ ಏನಂದುಕೊಂಡರೋ.

ಜಿ87ಗೂ ಹಾಗೇ ಆಯಿತು. 2022ರ ಅಕ್ಟೋಬರಿನಲ್ಲಿ ತೋರಿಸಿದರು, 2023ರ ಏಪ್ರಿಲಿನಿಂದ ಮಾರಾಟ. ತಮ್ಮ ಮೊದಮೊದಲೇ ತಗೊಂಡ. 2024ರಲ್ಲಿ ಅದೇ ಕಾರು 480 ಅಶ್ವಶಕ್ತಿಯೊಂದಿಗೆ ಬಂತು. ಸ್ಕ್ರೀನಿನ ಸಾಫ್ಟ್‌ವೇರ್ ಹೊಸದು, ಸ್ಟಿಯರಿಂಗ್ ಚಕ್ರ ಹೊಸದು, ಆಟೋಮ್ಯಾಟಿಕ್ ತಗೊಂಡರೆ ಟಾರ್ಕ್ 600. "ನನ್ನದು ಈಗ ಹಳೆ ಹೊಸದು ಆಗಿಬಿಡ್ತಲ್ಲ ಅಕ್ಕ" ಅಂತ ಅವನು ಒಂದು ಸಂಜೆ ಪೂರ್ತಿ ಗೊಣಗಿದ. 2025ರಲ್ಲಿ 530 ಅಶ್ವಶಕ್ತಿಯ ಸಿಎಸ್ ಬಂದಾಗ ಸ್ವಲ್ಪ ಸಮಾಧಾನವಾಯಿತು. ಅದು ಬರೀ ಆಟೋಮ್ಯಾಟಿಕ್. ಅವನಿಗೂ ಮ್ಯಾನುಯಲ್ಲೇ ಬೇಕು. ನ್ಯಾಯವಾಗಿ ಹೇಳಬೇಕು ಅಂದರೆ ಎಸ್58 ಎಂಜಿನ್ ಕೂಡ ಎಂ2ಗೆ ಬರುವ ಹೊತ್ತಿಗೆ ಹೊಸ ಮಗುವಲ್ಲ. 2019ರ ಎಕ್ಸ್3 ಎಂನಿಂದ ಶುರುವಾಗಿ ಎಂ3, ಎಂ4 ದಾಟಿ ಬಂದದ್ದು. ಎಂಜಿನ್ ಬಗ್ಗೆ ಭಯ ಬೇಡ. ಕಂಪನಿ ಮುಂದಿನ ವರ್ಷ ಏನು ಸೇರಿಸುತ್ತದೆ ಅನ್ನುವ ಹೊಟ್ಟೆಯುರಿ ತಡೆದುಕೊಳ್ಳಬೇಕು, ಅಷ್ಟೇ. ನನ್ನ ಕಾರಿಗೆ ಇನ್ನು ಆ ತಾಪತ್ರಯ ಇಲ್ಲ. ಅದರ ತಲೆಮಾರಿನಲ್ಲಿ ಬರಬೇಕಾದದ್ದೆಲ್ಲ ಬಂದು ಮುಗಿದಿದೆ.

ದುಡ್ಡಿನ ಮಾತೂ ಇದೇ ದಾರಿಯಲ್ಲಿ ಹೋಗುತ್ತದೆ. ಹೊಸ ಕಾರು ಶೋರೂಮಿನ ಬಾಗಿಲು ದಾಟಿದ ಮೊದಲ ವರ್ಷಗಳಲ್ಲೇ ಬೆಲೆ ಜಾಸ್ತಿ ಕಳೆದುಕೊಳ್ಳುವುದು. ಹಳೆಯದರಲ್ಲಿ ಆ ಪೆಟ್ಟನ್ನು ಇನ್ಯಾರೋ ತಿಂದಿರುತ್ತಾರೆ. ಆದರೆ ಸರ್ವಿಸು, ಬ್ರೇಕು, ಟೈರು ಅಗ್ಗದ ಕಾರಿನದ್ದಾಗುವುದಿಲ್ಲ. ಕಾರು ಅರ್ಧ ಬೆಲೆಗೆ ಸಿಕ್ಕಿತು ಅಂತ ಕ್ಲಚ್ಚು ಅರ್ಧ ಬೆಲೆಗೆ ಸಿಗುವುದಿಲ್ಲ. ವಾರಂಟಿ ಮುಗಿದ ಕಾರಾದರೆ ಒಂದು ದೊಡ್ಡ ರಿಪೇರಿಗೆ ಆಗುವಷ್ಟು ದುಡ್ಡು ಪಕ್ಕಕ್ಕೆ ಇಟ್ಟುಕೊಂಡೇ ಕೈಹಾಕಿ. ಅಷ್ಟು ಇಲ್ಲದಿದ್ದರೆ ವಾರಂಟಿ ಇರುವ ಹೊಸದೇ ನೆಮ್ಮದಿ.

ಹಳೆಯದನ್ನು ನೋಡಲು ಹೋಗುವವರಿಗೆ ನಾನು ಹೇಳುವುದು ಹೀಗೆ. ಮೊದಲು ಸರ್ವಿಸ್ ದಾಖಲೆ ತೆರೆದು 2,000 ಕಿಲೋಮೀಟರಿನ ಸಾಲು ಹುಡುಕಿ. ಎಂ ಕಾರುಗಳಿಗೆ ಮೊದಲ 2,000 ಕಿಲೋಮೀಟರ್ ಪಳಗಿಸುವ ಕಾಲ. ಅದು ಮುಗಿದ ಕೂಡಲೇ ಎಂಜಿನ್ ಆಯಿಲ್, ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ನ ಆಯಿಲ್ ಬದಲಿಸಬೇಕು. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಆ ಆಯಿಲಿನಲ್ಲಿ ಇರುತ್ತದೆ. ಆ ಸಾಲು ಇಲ್ಲದಿದ್ದರೆ ಮೊದಲ ಮಾಲೀಕರಿಗೆ ಕಾರಿನ ಮೇಲೆ ಎಷ್ಟು ಕಾಳಜಿ ಇತ್ತು ಅಂತ ಅಲ್ಲೇ ಗೊತ್ತಾಯಿತು. ನಾನು ನೋಡಿದ ಒಂದು ಕಾರಿನಲ್ಲಿ ಬಣ್ಣ, ಟೈರು, ಸೀಟು ಎಲ್ಲ ಫಳಫಳ. ಆ ಸಾಲು ಮಾತ್ರ ಇರಲಿಲ್ಲ. ಮಾರುವವರು "ಅದೆಲ್ಲ ಏನೂ ಆಗಲ್ಲ ಮೇಡಂ" ಅಂದರು. ನಾನು ಟೀ ಕುಡಿದು ಎದ್ದುಬಂದೆ.

ಎರಡನೆಯದು ಟ್ಯೂನಿಂಗ್. ಎಸ್55ನಲ್ಲಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯ ಹಬ್ ಒಂದು ದೊಡ್ಡ ಬೋಲ್ಟಿನ ಬಿಗಿತದಿಂದಲೇ ನಿಂತಿದೆ. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಚೈನ್ ನಡೆಯುವುದು ಅದರ ಮೇಲೆ. ಜಾರದಂತೆ ತಡೆಯುವ ಬೆಣೆ ಅಲ್ಲಿ ಇಲ್ಲ. ಕಂಪನಿ ಕೊಟ್ಟ ಶಕ್ತಿಯಲ್ಲಿ ಓಡಿಸುವವರಿಗೆ ಇದು ಅಪರೂಪದ ಚಿಂತೆ. ಸಾಫ್ಟ್‌ವೇರ್ ಬದಲಿಸಿ ಟಾರ್ಕ್ ವಿಪರೀತ ಏರಿಸಿದರೆ, ಅದರ ಜೊತೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಆದ ಡಿಸಿಟಿ ಗೇರ್‌ಬಾಕ್ಸಿನ ಝಟಕ್ಕನೆ ಬದಲಾಗುವ ಹೊಡೆತ ಸೇರಿದರೆ, ಹಬ್ ಜಾರಬಹುದು. ಜಾರಿದರೆ ವಾಲ್ವುಗಳ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ಸೈಲೆನ್ಸರ್ ಕೊಳವೆ ಬದಲಾಗಿದೆಯಾ, ಗಾಳಿ ಒಳಬರುವ ಕಡೆ ಬೇರೆ ಕಂಪನಿಯ ಡಬ್ಬ ಕೂತಿದೆಯಾ ನೋಡಿ. "ಬರೀ ಸದ್ದಿಗೆ ಹಾಕಿಸಿದ್ದು" ಅನ್ನುವ ಮಾತು ಕೇಳಿದರೆ ಇನ್ನೂ ಜಾಸ್ತಿ ಕೇಳಿ. ಈ ಎಂಜಿನ್ ಬಿಚ್ಚಿ ಕಟ್ಟಿದ ಅನುಭವ ಇರುವ ಮೆಕ್ಯಾನಿಕ್ಕನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಕೊಡುವ ದುಡ್ಡು ಒಂದು ಟೈರಿನ ಬೆಲೆಯಷ್ಟೂ ಆಗುವುದಿಲ್ಲ.

ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರು ಬೇರೆ ಬೇರೆ ಕಂಪನಿಯವಾಗಿದ್ದರೆ ಮಾಲೀಕರು ಬೇರೆ ಕಡೆಯೂ ಉಳಿತಾಯ ಮಾಡಿರುತ್ತಾರೆ. ಕ್ಲಚ್ ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಏರಿ ಕಾರು ಏರದಿದ್ದರೆ ಕ್ಲಚ್ ಮುಗಿದಿದೆ, ಅದರ ಬೆಲೆ ಕಳೆದು ಮಾತಾಡಿ.

ಆಟೋಮ್ಯಾಟಿಕ್ ಬೇಕು ಅನ್ನುವವರಿಗೆ ನನ್ನ ಉತ್ತರ ಬೇರೆ. ಹಳೆಯದರ ಏಳು ಗೇರಿನ ಡಿಸಿಟಿ ಚುರುಕು, ಬೆರಳು ಎಳೆದ ಕ್ಷಣ ಗೇರು ಬಿದ್ದಿರುತ್ತದೆ. ಆದರೆ ಟ್ರಾಫಿಕ್ಕಿನಲ್ಲಿ ತೆವಳುವಾಗ, ಏರಿನಲ್ಲಿ ಹಿಮ್ಮುಖ ಪಾರ್ಕ್ ಮಾಡುವಾಗ ಮುಗ್ಗರಿಸುತ್ತದೆ. ಹೊಸದರ ಎಂಟು ಗೇರಿನ ಟಾರ್ಕ್ ಕನ್ವರ್ಟರ್ ಬೆಣ್ಣೆಯಷ್ಟು ನಯ, ವೇಗದಲ್ಲೂ ಹಿಂದೆ ಬೀಳುವುದಿಲ್ಲ. ದಿನಾ ಆಫೀಸಿಗೂ ಇದೇ ಕಾರು, ರಜೆಗೆ ದೂರ ಹೋಗಲೂ ಇದೇ ಕಾರು, ಎರಡೇ ಪೆಡಲ್ ಸಾಕು ಅನ್ನುವವರು 2024ರ ನಂತರದ ಜಿ87 ತಗೊಳ್ಳಿ, ಹಳೆಯದರ ಕಡೆ ತಿರುಗಿಯೂ ನೋಡಬೇಡಿ. ಮನೆಯಲ್ಲಿ ಓಡಾಟಕ್ಕೆ ಬೇರೆ ಕಾರಿದೆ, ಇದು ಖುಷಿಗೆ ಮಾತ್ರ ಅನ್ನುವವರು ದಾಖಲೆ ಸರಿಯಿರುವ, ಯಾರೂ ಕೈಯಾಡಿಸದ ಮ್ಯಾನುಯಲ್ ಕಾಂಪಿಟೀಶನ್ ಸಿಗುವ ತನಕ ಕಾಯಿರಿ. ಬಣ್ಣ ಯಾವುದಾದರೂ ಸರಿ. ನಾನು ನೀಲಿಗೆ ಹಟ ಹಿಡಿದಿದ್ದೆ. ಕೊನೆಗೆ ಬಿಳಿ ಕಾರಿನ ದಾಖಲೆ ಇಷ್ಟವಾಗಿ ಬಿಳಿಯನ್ನೇ ತಂದೆ.